ಒಂಬತ್ತು ಐವತ್ತು

ಬೆಳಗ್ಗೆ ಎಂಟು ಇಪ್ಪತ್ತು. ಆ ದಿನ ರಕ್ತ ಕೊಡಲು ಬರಬೇಕಾದವರ ಪಟ್ಟಿಯಲ್ಲಿ ಏಳು ಜನರಿದ್ದರು, ಐದನೆಯವರು ಕಂಟ್ರೋಲರ್.

ನರ್ಸ್ ಆ ಸಾಲಿನ ಮೇಲೆ ಕಣ್ಣು ನಿಲ್ಲದಂತೆ ಮೇಲಿನ ನಾಲ್ಕನ್ನೂ ಕೆಳಗಿನ ಎರಡನ್ನೂ ಓದಿಕೊಂಡಳು. ಏಳು ನಳಿಕೆಗಳಿಗೆ ಏಳು ಚೀಟಿ ಅಂಟಿಸಿದಳು. ಐದನೆಯದು ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಅಂಟಿಸಿದಳು. ಕೆನ್ನೆಯ ಒಳಮಗ್ಗುಲಿನ ಹುಣ್ಣಿಗೆ ನಾಲಿಗೆ ಬೇಡಬೇಡವೆಂದರೂ ಹೋಗಿ ತಾಗುತ್ತಿತ್ತು. ಹನ್ನೆರಡು ದಿನವಾದರೂ ಮಾಯದ ಹುಣ್ಣು. ಹತ್ತೊಂಬತ್ತು ವರ್ಷ ರಾತ್ರಿ ಪಾಳಿ ಮಾಡಿದವಳಿಗೆ ಇದೇನೂ ಹೊಸದಲ್ಲ. ಒಂದು ನೆಗಡಿ ಹೋಗುವಷ್ಟರಲ್ಲಿ ಇನ್ನೊಂದು, ತರಕಾರಿ ಹೆಚ್ಚುವಾಗ ಆದ ಗಾಯ ಮೂರು ವಾರ ಹಸಿ. 'ನಮ್ಮನೇಲಿ ಸೊಸೆ ಅಂತ ಗೂಬೆ ಸಾಕಿದ್ದೀವಿ, ಹಗಲು ಹೊತ್ತು ಮಾತಾಡಿಸಬೇಡಿ, ಕಣ್ಣು ಕಾಣಲ್ಲ' ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಬಾಗಿಲು ಮುಚ್ಚಿ, ಪರದೆ ಎಳೆದು, ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದವಳಿಗೂ ಆ ನಗು ಕೇಳಿಸುತ್ತಿತ್ತು. ಗಂಡನೂ ಅವಳೂ ಒಂದೇ ಹಾಸಿಗೆಯನ್ನು ಸರದಿಯ ಮೇಲೆ ಬಳಸುತ್ತಿದ್ದರು. ಅವನು ಎದ್ದು ಹೋದ ಜಾಗದ ಬೆಚ್ಚಗಿನ ತಗ್ಗಿನಲ್ಲಿ ಅವಳು ಮಲಗುತ್ತಿದ್ದಳು. ಹೋದ ವರ್ಷ ಆಸ್ಪತ್ರೆಯ ಮಹಿಳಾ ಡಾಕ್ಟರೊಬ್ಬರು, 'ನಿಮ್ಮ ಅಕ್ಷರ ಮುದ್ದಾಗಿದೆ. ನನ್ನ ಅಧ್ಯಯನಕ್ಕೆ ಬರ್ತೀರಾ? ಸದ್ಯಕ್ಕೆ ವಾರಕ್ಕೆ ನಾಲ್ಕು ದಿನ ಇಲ್ಲಿ, ಎರಡು ರಾತ್ರಿ ವಾರ್ಡಿನಲ್ಲಿ. ಮುಗಿಯೋ ಹೊತ್ತಿಗೆ ಪೂರ್ತಿ ಹಗಲಿನ ಹುದ್ದೆ ಮಾಡಿಸಿಕೊಡ್ತೀನಿ' ಎಂದಾಗ ಅವಳು ಹೂಂ ಎನ್ನಲೂ ಮರೆತು ನಿಂತಿದ್ದಳು. ಹಗಲಿನ ಹುದ್ದೆ. ಎಲ್ಲರೂ ಉಣ್ಣುವಾಗ ಉಣ್ಣುವುದು, ಎಲ್ಲರೂ ಮಲಗುವಾಗ ಮಲಗುವುದು.

ಅಧ್ಯಯನ ಸರಳವಾದದ್ದು. ಅರವತ್ತೈದು ದಾಟಿದ ಇನ್ನೂರ ಎಂಬತ್ತು ಜನ. ಅರ್ಧ ಜನಕ್ಕೆ ಫ್ಲೂ ಲಸಿಕೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ಉಳಿದರ್ಧಕ್ಕೆ ಮಧ್ಯಾಹ್ನ ಮೂರರಿಂದ ಐದರೊಳಗೆ. ಇಪ್ಪತ್ತೆಂಟು ದಿನದ ನಂತರ ಎಲ್ಲರ ರಕ್ತ ತೆಗೆದು, ಯಾರ ಮೈ ಎಷ್ಟು ಪ್ರತಿಕಾಯ ತಯಾರಿಸಿದೆ ಎಂದು ಅಳೆಯುವುದು. ಮೊದಲ ದಿನ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ್ದರು: 'ನಮ್ಮ ಮೈಯೊಳಗೂ ಕಾವಲುಗಾರರಿದ್ದಾರೆ. ಅವರಿಗೂ ಪಾಳಿ ಇದೆ. ಒಂದು ಹೊತ್ತು ರಕ್ತದಲ್ಲಿ ಗಸ್ತು ತಿರುಗ್ತಾರೆ, ಇನ್ನೊಂದು ಹೊತ್ತು ಕುತ್ತಿಗೆ, ಕಂಕುಳ ಗಂಟುಗಳಲ್ಲಿ ಬಂದು ಸೇರ್ತಾರೆ. ಮಿದುಳಿನಲ್ಲೊಂದು ಗಡಿಯಾರ ಇದೆ, ಒಂದೊಂದು ಜೀವಕೋಶದಲ್ಲೂ ಒಂದೊಂದಿದೆ. ವೈರಿ ಗುರುತು ತೋರಿಸೋಕೆ ಯಾವ ಹೊತ್ತು ಒಳ್ಳೇದು ಅನ್ನೋದು ನಮ್ಮ ಪ್ರಶ್ನೆ. ಬೆಳಗ್ಗೆ ಅಂತ ಕೆಲವು ಅಧ್ಯಯನ ಹೇಳ್ತವೆ, ಏನೂ ವ್ಯತ್ಯಾಸ ಇಲ್ಲ ಅಂತ ಕೆಲವು. ನನಗೆ ಗೊತ್ತಿಲ್ಲ. ಅದಕ್ಕೇ ನೀವು ಬೇಕು.' ಮುಂದಿನ ಸಾಲಿನ ದಪ್ಪ ಕನ್ನಡಕದ ಅಜ್ಜಿ, 'ನನ್ನೊಳಗಿನ ಕಾವಲುಗಾರರು ರಿಟೈರಾಗಿ ಬಹಳ ದಿನ ಆಯ್ತು ಡಾಕ್ಟ್ರೇ, ಪಿಂಚಣಿ ತಗೊಂಡು ಮಲಗಿದ್ದಾರೆ' ಎಂದಾಗ ಎಲ್ಲರೂ ನಕ್ಕರು. ಕಂಟ್ರೋಲರ್ ಮಾತ್ರ ನಗದೆ ಕೈ ಎತ್ತಿದ್ದರು. 'ಗಡಿಯಾರದ ವಿಷಯ ನನ್ನ ಕೇಳಿ. ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದಿದ್ದೀನಿ. ರಿಟೈರಾದ ದಿನ ವಾಚು ಬಿಚ್ಚಿಟ್ಟೆ. ಈಗ ಹತ್ತು ಐವತ್ತೆರಡು. ನೋಡ್ಕೊಳ್ಳಿ.' ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಹತ್ತು ಐವತ್ತು. ಅಂದಿನಿಂದ ಎಲ್ಲರಿಗೂ ಅವರು ಕಂಟ್ರೋಲರ್.

ಇಪ್ಪತ್ತೆಂಟು ದಿನದ ಹಿಂದೆ, ಒಬ್ಬ ಗೆಳತಿಯ ಮಗುವಿಗೆ ಜ್ವರ ಬಂದು, ಅವಳ ರಾತ್ರಿ ಪಾಳಿಯನ್ನು ಇವಳು ಮಾಡಿಕೊಟ್ಟಿದ್ದಳು. ರಾತ್ರಿ ಕೆಲಸ ಮಾಡಿದವರು ಮರುದಿನ ಬೆಳಗ್ಗೆ ಅಧ್ಯಯನದ ಸೂಜಿ ಮುಟ್ಟಬಾರದು. ಮೊದಲ ಪುಟದ ನಿಯಮ, ಅದರ ಕೆಳಗೆ ಅವಳದೇ ಸಹಿ. ಆದರೆ ಆ ದಿನ ಅಧ್ಯಯನದಲ್ಲಿ ಜೊತೆಯವಳಿಗೆ ರಜೆ, ಡಾಕ್ಟರು ಬೇರೆ ಊರಿನ ಸಭೆಯಲ್ಲಿದ್ದರು. ಬರುವುದಿಲ್ಲವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮುಖ ತೊಳೆದುಕೊಂಡು ಬಂದಳು. ಮೂರು ಜನಕ್ಕೆ ಸರಿಯಾಗಿಯೇ ಕೊಟ್ಟಳು. ನಾಲ್ಕನೆಯವರು, ಆ ಬೆಳಗಿನ ಕೊನೆಯವರು, ಕಂಟ್ರೋಲರ್. ಹೊರಗಿನ ಬೆಂಚಿನ ಮೇಲಿದ್ದವರಿಗೆ, 'ಇಲ್ಲೇ ಕೂತಿರಿ ಯಜಮಾನ್ರೇ, ನಾನೇ ಕರೀತೀನಿ, ಎದ್ದು ಹೋಗಬೇಡಿ' ಎಂದು ಹತ್ತಿ ತರಲು ಉಗ್ರಾಣದ ಕೋಣೆಗೆ ಹೋದಳು. ಕೈಗವಸಿನ ರಟ್ಟಿನ ಪೆಟ್ಟಿಗೆ ಮಂಡಿಯೆತ್ತರಕ್ಕಿತ್ತು. ಕೂತದ್ದು ನೆನಪಿದೆ. ಗೋಡೆ ತಣ್ಣಗಿತ್ತು ಎಂಬುದು ನೆನಪಿದೆ. ಆಮೇಲೆ ನೆನಪಿರುವುದು, ಕುತ್ತಿಗೆ ಸೆಟೆದು ಎಚ್ಚರವಾದಾಗ ಬಾಗಿಲ ಸಂದಿಯಿಂದ ಬರುತ್ತಿದ್ದ ಬಿಸಿಲಿನ ಗೆರೆ ನೆಲದಿಂದ ಕಪಾಟಿಗೆ ಹತ್ತಿದ್ದು. ಎರಡು ಗಂಟೆ ದಾಟಿತ್ತು. ಊಟದ ಹೊತ್ತು, ಆ ಹಿಂದಿನ ಕಟ್ಟಡದಲ್ಲಿ ನರಪಿಳ್ಳೆಯಿರಲಿಲ್ಲ. ಕಂಟ್ರೋಲರ್ ಮಾತ್ರ ಬೆಂಚಿನ ಮೇಲೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಅವಳು ಕೂರಿಸಿದ ಹಾಗೆಯೇ ಕೂತಿದ್ದರು.

ಬೈದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತೇನೋ ಎಂದು ಈಗಲೂ ಅನಿಸುತ್ತದೆ. ಅವರು ಬೈಯಲಿಲ್ಲ. 'ಎರಡು ಗಂಟೆ ಆಯ್ತಲ್ಲ, ಸಿಸ್ಟರಮ್ಮ' ಎಂದರು, ತಡವಾದ ಬಸ್ಸಿನ ಡ್ರೈವರನಿಗೆ ಹೇಳುವಂತೆ, ಹಗುರಾಗಿ. 'ತುಂಬಾ ಕೆಲಸ ಇತ್ತು ಯಜಮಾನ್ರೇ' ಎಂದಳು. ತೋಳು ಒರೆಸಿದಳು, ಚುಚ್ಚಿದಳು. ಪುಸ್ತಕ ಎಳೆದುಕೊಂಡಾಗ ಹೊತ್ತಿನ ಕಲಂ ಖಾಲಿಯಿತ್ತು. ಎರಡು ಹತ್ತು ಯಾವ ಗುಂಪಿಗೂ ಸೇರದ ಹೊತ್ತು. ಹಾಗೆಂದು ಬರೆದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ರಾತ್ರಿ ಪಾಳಿಯ ವಿಷಯ ಬರುತ್ತದೆ. ಮೇಲಿನ ಸಾಲುಗಳಲ್ಲಿ ಒಂಬತ್ತು ಹತ್ತು, ಒಂಬತ್ತು ಇಪ್ಪತ್ತೈದು, ಒಂಬತ್ತು ನಲವತ್ತು. ಕೈ ತಾನಾಗಿಯೇ ಒಂಬತ್ತು ಐವತ್ತು ಎಂದು ಬರೆಯಿತು, ಮುದ್ದಾಗಿ. ತೋಳು ಮಡಿಸಿಕೊಂಡು ಕೂತಿದ್ದ ಕಂಟ್ರೋಲರ್ ಅದನ್ನು ತಲೆಕೆಳಗಾಗಿಯೇ ಓದಿದರು. ಮೂವತ್ತೊಂದು ವರ್ಷ ಕಿಟಕಿಯ ಆಚೆ ಈಚೆ ಪುಸ್ತಕ ತಿರುಗಿಸಿದವರು. ಏನೋ ಹೇಳಲು ಬಾಯಿ ತೆರೆದರು. 'ಅದು ನೀವು ಬಂದ ಹೊತ್ತು' ಎಂದಳು. ಅವರು ಒಂಬತ್ತಕ್ಕೇ ಬಂದಿದ್ದರು. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. 'ಓಹೋ' ಎಂದು ಎದ್ದು ಹೋದರು.

ಅಷ್ಟಕ್ಕೇ ನಿಂತಿದ್ದರೆ ಪುಸ್ತಕದ ಒಂದು ಸುಳ್ಳು ಪುಸ್ತಕದಲ್ಲೇ ಇರುತ್ತಿತ್ತು. ಸಂಜೆ ಐದೂವರೆಗೆ ಫೋನು ಬಂತು. ಕಂಟ್ರೋಲರ ಮಗಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. 'ಅಪ್ಪ ಮನೆಗೆ ಬಂದಿದ್ದು ಮೂರು ಗಂಟೆಗಂತೆ, ಪಕ್ಕದ ಮನೆಯೋರು ಹೇಳಿದ್ರು. ಮೊಬೈಲು ಮನೇಲೇ ಬಿಟ್ಟು ಹೋಗಿದ್ದಾರೆ. ಅಷ್ಟೂ ಹೊತ್ತು ನಿಮ್ಮಲ್ಲೇ ಕೂತಿದ್ದೆ ಅಂತಾರೆ. ಹೌದಾ ಸಿಸ್ಟರ್?' ಡಾಕ್ಟರು ಸಭೆ ಮುಗಿಸಿ ಬಂದು ಪಕ್ಕದಲ್ಲೇ ಪುಸ್ತಕ ತಿರುವುತ್ತಿದ್ದರು. 'ಇಲ್ಲ,' ಎಂದಳು ನರ್ಸ್, 'ಒಂಬತ್ತು ಐವತ್ತಕ್ಕೇ ಮುಗೀತು. ನಾನೇ ಕಳಿಸಿದೆ.' ಮಗಳು, 'ಸರಿ, ಥ್ಯಾಂಕ್ಸ್' ಎಂದಳು, ತೀರಾ ಸಣ್ಣ ದನಿಯಲ್ಲಿ.

ಇಂದು ಒಂಬತ್ತು ಗಂಟೆಯ ಹೊತ್ತಿಗೆ ಹೊರಗಿನ ಬೆಂಚು ತುಂಬಿತು. ದಪ್ಪ ಕನ್ನಡಕದ ಅಜ್ಜಿ ಮೊದಲನೆಯವಳು. ತೋಳು ಚಾಚಿ, 'ಎಷ್ಟು ಬೇಕೋ ತಗೊಳ್ಳಮ್ಮ, ಮನೇಲಿ ಸೊಸೆ ಹೀರಿ ಉಳಿದದ್ದು ಇಷ್ಟೇ' ಎಂದಳು. ನರ್ಸ್ ನಕ್ಕಳು; ನಕ್ಕಾಗ ಹುಣ್ಣು ಹಲ್ಲಿಗೆ ತಗುಲಿ ಕಣ್ಣಲ್ಲಿ ನೀರು ಬಂತು. ಎರಡನೆಯವರು, ಮೂರನೆಯವರು. ಬಾಗಿಲು ತೆರೆದಾಗಲೆಲ್ಲ ಬೆಂಚಿನ ಕೊನೆಯಲ್ಲಿ ಎರಡು ಪಾದ ಕಾಣುತ್ತಿದ್ದವು, ಪಾಲಿಶ್ ಹಾಕಿದ ಹಳೆಯ ಕಪ್ಪು ಬೂಟು, ಪಕ್ಕದಲ್ಲಿ ಹೆಣ್ಣಿನ ಚಪ್ಪಲಿ. ಒಬ್ಬರೇ ಬಂದಿಲ್ಲ. ಹೋದ ಸಲ ಒಬ್ಬರೇ ಬಂದಿದ್ದರು. ನಾಲ್ಕನೆಯವರ ನಾಳ ಒಂದೇ ಸಲಕ್ಕೆ ಸಿಗಲಿಲ್ಲ. ಇನ್ನೊಂದು ಕಡೆ ಚುಚ್ಚಿ, 'ತಪ್ಪಾಯ್ತು' ಎಂದಳು. ಆ ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಅಸಹ್ಯವಾಯಿತು. ಇನ್ನೂರ ಎಂಬತ್ತರಲ್ಲಿ ಒಂದು, ಎಂದು ಈ ಇಪ್ಪತ್ತೆಂಟು ದಿನವೂ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಲೆಕ್ಕ ಹಾಕಿದ್ದಳು. ಒಂದು ಸಂಖ್ಯೆಯಿಂದ ಸರಾಸರಿ ಕದಲುವುದಿಲ್ಲ. ಕದಲದಿರುವುದು ಸರಾಸರಿ ಮಾತ್ರ, ಎಂದು ಕಪ್ಪು ಬೂಟುಗಳನ್ನು ನೋಡುತ್ತ ಈಗ ಹೊಳೆಯಿತು.

ಒಳಗೆ ಬಂದದ್ದು ಮೊದಲು ಮಗಳು. ಬಾಗಿಲನ್ನು ಅರ್ಧ ಮುಚ್ಚಿ, ದನಿ ತಗ್ಗಿಸಿ, 'ಸಿಸ್ಟರ್, ಒಂದ್ನಿಮಿಷ. ಅವತ್ತು ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ನಾಲ್ಕು ಗಂಟೆ ಹೊತ್ತು ಎಲ್ಲೋ ತಿರುಗಾಡಿದ್ದಾರೆ, ಎಲ್ಲಿ ಅಂತ ಅವರಿಗೇ ಗೊತ್ತಿಲ್ಲ. ಬೀಗದ ಕೈ ಇಸ್ಕೊಂಡಿದ್ದೀನಿ. ಒಬ್ಬರನ್ನೇ ಹೊರಗೆ ಬಿಡ್ತಾ ಇಲ್ಲ. ಪಕ್ಕದ ಮನೆಯೋರಿಗೆ ಹೇಳಿ ಹೋಗ್ತೀನಿ, ಹಗಲೆಲ್ಲ ಕಿಟಕೀಲಿ ಕೂತಿರ್ತಾರೆ. ಬುಧವಾರ ಮರೆವಿನ ಡಾಕ್ಟ್ರ ಹತ್ರ ತೋರಿಸ್ತಿದ್ದೀವಿ. ಅವರ ಮುಂದೆ ಆ ವಿಷಯ ಎತ್ತಬೇಡಿ, ಬೇಜಾರು ಮಾಡ್ಕೋತಾರೆ' ಎಂದಳು. ನಂತರ ನರ್ಸಿನ ಮೊಣಕೈ ಮುಟ್ಟಿ, 'ನಿಮ್ಮ ಉಪಕಾರ ಮರೆಯಲ್ಲ' ಎಂದಳು. ಅವಳ ಬೆರಳ ತುದಿಯಲ್ಲಿ ಮೊಹರಿನ ನೇರಳೆ ಮಸಿಯಿತ್ತು. ನರ್ಸಿಗೆ ಏನಾದರೂ ಹೇಳಬೇಕಿತ್ತು. 'ಕಳಿಸಿ ಅವರನ್ನ' ಎಂದಳು.

ಕಂಟ್ರೋಲರ್ ತೆಳ್ಳಗಾಗಿದ್ದರು. ಕುರ್ಚಿಯಲ್ಲಿ ಕೂತು, ತೋಳು ಮೇಲೆ ಮಾಡುವ ಮುಂಚೆ, ಗೋಡೆಯ ಕಡೆ ನೋಡದೆ, 'ಗಂಟೆ ಎಷ್ಟಮ್ಮಾ?' ಎಂದು ಕೇಳಿದರು.

'ಒಂಬತ್ತು ಮೂವತ್ತೆಂಟು.'

'ನಾನು ಹತ್ತೂಕಾಲು ಅಂದ್ಕೊಂಡೆ,' ಎಂದರು. ತಪ್ಪು ಉತ್ತರ ಹೇಳಿದ ಮಗುವಿನಂತೆ ಮಗಳಿದ್ದ ಬಾಗಿಲ ಕಡೆ ನೋಡಿಕೊಂಡರು.

ಅವಳು ರಬ್ಬರ್ ಪಟ್ಟಿ ಕಟ್ಟಿದಳು. ತೋಳಿನ ಚರ್ಮ ಸಡಿಲವಾಗಿ ಅವಳ ಬೆರಳಿನ ಜೊತೆ ಜಾರಿತು. ಇದರೊಳಗೆ ಎಷ್ಟು ಗಡಿಯಾರಗಳು ಎಂದುಕೊಂಡಳು. ಯಾರನ್ನೂ ಕೇಳದೆ ಏರಿಳಿಯುವ ಕಾವಲು. ಎರಡು ಹತ್ತಕ್ಕೆ ಬಂದ ಲಸಿಕೆಯನ್ನು ಎರಡು ಹತ್ತಕ್ಕೇ ಬಂತೆಂದು ಕಂಡ ರಕ್ತ. ನಳಿಕೆ ತುಂಬುವುದನ್ನೇ ನೋಡುತ್ತ ಕಂಟ್ರೋಲರ್ ಮೆಲ್ಲಗೆ ಹೇಳಿದರು: 'ಸಿಸ್ಟರಮ್ಮ, ನಿಮ್ಮ ಹತ್ರ ಒಂದು ಮಾತು. ಅವತ್ತು ನೀವು ನನ್ನ ಮಧ್ಯಾಹ್ನದವರೆಗೂ ಕೂರಿಸಿದ್ರಿ ಅಂತ ಮನೇಲಿ ಹೇಳಿಬಿಟ್ಟೆ. ನಿಮ್ಮ ಮೇಲೆ ಇಲ್ಲದ್ದು ಹೊರಿಸಿದ ಹಾಗಾಯ್ತು. ಮನಸ್ಸಿಗೆ ಹಚ್ಕೋಬೇಡಿ.'

ಸೂಜಿ ಇನ್ನೂ ಒಳಗಿತ್ತು. ಅವಳು ಅಲುಗಾಡಲಿಲ್ಲ.

'ಮೊದಮೊದಲು ಜಗಳ ಆಡಿದೆ. ಬರೆದದ್ದು ಇದೆ ಅಂದಮೇಲೆ ಏನು ಹೇಳೋಕಾಗುತ್ತೆ? ಡ್ರೈವರುಗಳು ಬಂದು ವಾದ ಮಾಡ್ತಿದ್ರು, ಇಲ್ಲ ಸ್ವಾಮಿ ನಾನು ಆರಕ್ಕೇ ಬಂದೆ ಅಂತ. ಪುಸ್ತಕ ತಿರುಗಿಸಿ ತೋರಿಸ್ತಿದ್ದೆ. ಸುಮ್ಮನೆ ಹೋಗ್ತಿದ್ರು. ಈಗ ನೆನಪಾಗ್ತಾ ಇದೆ. ಇಲ್ಲಿಂದ ಹೊರಟವನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ನನ್ನ ಕಿಟಕಿ ಹತ್ರ. ಯಾರೋ ಹೊಸಬ, ಸಣ್ಣ ಮೀಸೆ, ನನಗೆ ಕುರ್ಚಿ ಕೊಟ್ಟ. ಬಸ್ಸುಗಳನ್ನ ನೋಡ್ತಾ ಕೂತಿದ್ದೆ. ಮಗಳಿಗೆ ಹೇಳಿಲ್ಲ. ನಾಚಿಕೆ.'

ಅವಳು ಸೂಜಿ ತೆಗೆದು ಹತ್ತಿ ಒತ್ತಿದಳು. ಅವರ ಬೆರಳನ್ನೇ ಅದರ ಮೇಲಿಟ್ಟಳು. ಬಾಯಿ ಒಣಗಿ ನಾಲಿಗೆ ಹುಣ್ಣಿಗೆ ಅಂಟಿಕೊಂಡಿತ್ತು. ಸಣ್ಣ ಮೀಸೆಯವನು. ಅವನನ್ನು ಈ ಮನುಷ್ಯ ಮನೆಯ ಕಿಟಕಿಯಲ್ಲಿ ಕೂತು ಕೂತು ಮಾಡಿಕೊಂಡಿದ್ದಾರೆ, ಖಾಲಿ ಬಿಟ್ಟ ನಾಲ್ಕು ಗಂಟೆಯನ್ನು ತುಂಬಲು. ಆ ಖಾಲಿಯನ್ನು ಮಾಡಿಕೊಟ್ಟವಳು ತಾನು. ಹಗಲಿನ ಹುದ್ದೆಯ ಆದೇಶ ಇದೇ ತಿಂಗಳ ಕೊನೆಗೆ ಬರುತ್ತದೆಂದು ಡಾಕ್ಟರು ಮೊನ್ನೆಯಷ್ಟೇ ಹೇಳಿದ್ದರು. ಅತ್ತೆಗೆ ಹೇಳಿದ್ದಾಗಿತ್ತು. ಗಂಡ ಕಿಟಕಿಯ ದಪ್ಪ ಪರದೆ ತೆಗೆದು ತೆಳ್ಳಗಿನದು ಹಾಕಿದ್ದ.

'ನೀವು ಎಲ್ಲೂ ಹೋಗಿರಲಿಲ್ಲ ಯಜಮಾನ್ರೇ,' ಎಂದಳು.

'ಹ್ಞಾಂ?'

'ಇಲ್ಲೇ ಇದ್ರಿ. ಹೊರಗಿನ ಬೆಂಚಲ್ಲಿ, ಎರಡು ಗಂಟೆ ದಾಟೋವರೆಗೆ. ನಾನು ಒಳಗೆ ನಿದ್ದೆ ಹೋಗಿಬಿಟ್ಟಿದ್ದೆ. ಎರಡು ಹತ್ತಕ್ಕೆ ಚುಚ್ಚಿದೆ. ಪುಸ್ತಕದಲ್ಲಿ ಸುಳ್ಳು ಬರೆದೆ. ನಿಮ್ಮ ಮಗಳಿಗೂ ಸುಳ್ಳು ಹೇಳಿದೆ.'

ಹೇಳಿಯಾಯಿತು. ಇಷ್ಟು ದಿನ ಈ ಮಾತನ್ನು ಮನಸ್ಸಿನಲ್ಲಿ ಆಡಿದಾಗಲೆಲ್ಲ ಅದರ ನಂತರ ಒಂದು ದೃಶ್ಯವಿರುತ್ತಿತ್ತು: ಅವರು ಸಿಡುಕುತ್ತಾರೆ, ಅಥವಾ ಕೈ ಮುಗಿಯುತ್ತಾರೆ, ಮುಖ ಅರಳುತ್ತದೆ, ಎಲ್ಲ ಮೊದಲಿನಂತಾಗುತ್ತದೆ. ಕಂಟ್ರೋಲರ್ ಹತ್ತಿ ಒತ್ತಿಕೊಂಡೇ ಅವಳ ಮುಖವನ್ನು ನೋಡಿದರು. ಹುಬ್ಬು ಗಂಟಿಕ್ಕಿತು.

'ಹಾಗಾದ್ರೆ ಬಸ್ ಸ್ಟ್ಯಾಂಡು?' ಎಂದರು.

'ಹೋಗಿಲ್ಲ ನೀವು.'

'ಅವನು ಕುರ್ಚಿ ಕೊಟ್ಟನಲ್ಲ. ಇಲ್ಲಿ ಕೂತ್ಕೊಳ್ಳಿ ಸಾರ್ ಅಂದ. ನಾನು ನೋಡಿದ್ದೀನಿ ಅವನನ್ನ.' ದನಿ ಏರಿತು. 'ನೋಡಿಲ್ಲ ಅಂತೀರಾ?'

ಬಾಗಿಲು ತೆರೆದು ಮಗಳು ಬಂದಳು. 'ಏನಾಯ್ತಪ್ಪ?' ನರ್ಸ್ ಎದ್ದು ನಿಂತು, ಈಗ ಹೇಳಿದ್ದನ್ನೇ ಮತ್ತೆ ಹೇಳಿದಳು. ಎರಡನೆಯ ಸಲ ಮಾತು ಗಟ್ಟಿಯಾಗಿ, ಪಾಠ ಒಪ್ಪಿಸಿದಂತೆ ಬಂತು. ಮಗಳು ಪೂರ್ತಿ ಕೇಳಿದಳು. ಮುಖ ಕೆಂಪಾಗಲಿಲ್ಲ, ಬೆಳ್ಳಗಾಯಿತು. 'ಈಗ್ಯಾಕೆ ಹೇಳ್ತಿದ್ದೀರಿ?' ಎಂದಳು. ಆಮೇಲೆ, 'ಅವರು ಅತ್ತುಬಿಟ್ರಾ ನಿಮ್ಮ ಹತ್ರ? ಸಮಾಧಾನ ಮಾಡೋಕೆ ಹೀಗೆ ಹೇಳ್ತಿದ್ದೀರಾ?'

'ಇಲ್ಲ. ನಿಜ ಇದು.'

'ಅಪ್ಪ, ಹೌದಾ? ಇಲ್ಲೇ ಇದ್ಯಾ ನೀನು?'

ಕಂಟ್ರೋಲರ್ ಮಗಳನ್ನು ನೋಡಿದರು, ನರ್ಸನ್ನು ನೋಡಿದರು. ಇಬ್ಬರಲ್ಲಿ ಯಾರಿಗೆ ಯಾವ ಉತ್ತರ ಬೇಕೆಂದು ಲೆಕ್ಕ ಹಾಕುವಂತಿತ್ತು. 'ಬಸ್ ಸ್ಟ್ಯಾಂಡಲ್ಲಿದ್ದೆ,' ಎಂದರು ಕೊನೆಗೆ. 'ಸಣ್ಣ ಮೀಸೆಯವನು ಕುರ್ಚಿ ಕೊಟ್ಟ.'

ಮಗಳು ಕಣ್ಣು ಮುಚ್ಚಿ ತೆರೆದಳು. 'ನೋಡಿದ್ರಾ' ಎನ್ನುವಂತೆ ನರ್ಸಿನ ಕಡೆ ತಿರುಗಿದಳು. ಆ ನೋಟದಲ್ಲಿ ಮೊದಲಿದ್ದ ಉಪಕಾರದ ಎಳೆ ಇರಲಿಲ್ಲ, ಕೋಪವೂ ಪೂರ್ತಿಯಾಗಿ ಬಂದಿರಲಿಲ್ಲ. 'ನೀವು ಹೇಳ್ತಿರೋದು ಸುಳ್ಳಾದ್ರೆ ನಿಮ್ಮನ್ನ ದೇವರೇ ಕಾಪಾಡ್ಬೇಕು. ನಿಜ ಆದ್ರೂ ಅಷ್ಟೇ,' ಎಂದಳು. ತಂದೆಯ ಅಂಗಿಯ ತೋಳನ್ನು ಇಳಿಸಿ, ಗುಂಡಿ ಹಾಕಿ, ಎಬ್ಬಿಸಿದಳು. ಕಂಟ್ರೋಲರ್ ಹೊಸ್ತಿಲಲ್ಲಿ ನಿಂತು ಹಿಂತಿರುಗಿದರು. ಬಯ್ಯಬಹುದು ಎಂದು ನರ್ಸ್ ಕಾದಳು; ಬಯ್ಯಲಿ ಎಂದು ಆಸೆಪಟ್ಟಳು. 'ಹತ್ತಿ ಎಲ್ಲಿ ಹಾಕ್ಲಿ?' ಎಂದು ಕೇಳಿದರು.

ಉಳಿದಿಬ್ಬರ ರಕ್ತ ತೆಗೆದು ಮುಗಿಸಿ, ಅವಳು ಹಳೆಯ ಪುಟ ತೆರೆದಳು. ತಿದ್ದುವುದಕ್ಕೂ ನಿಯಮವಿದೆ: ಅಳಿಸಬಾರದು, ಬಿಳಿ ಬಳಿಯಬಾರದು, ಮೊದಲು ಬರೆದದ್ದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಕು. ಒಂಬತ್ತು ಐವತ್ತರ ಮೇಲೆ ಗೆರೆ ಎಳೆದಳು. ಎರಡು ಹತ್ತು ಎಂದು ಬರೆದಳು. ಕಾರಣದ ಕಲಮಿನಲ್ಲಿ ಜಾಗ ಕಡಿಮೆಯಿತ್ತು. 'ಹಿಂದಿನ ರಾತ್ರಿ ಪಾಳಿ ಮಾಡಿದ್ದೆ. ನಿದ್ದೆ' ಎಂದು ಬರೆದಾಗ ಕೊನೆಯ ಅಕ್ಷರ ಪಕ್ಕದ ಚೌಕಕ್ಕೆ ಹೋಯಿತು. ಡಾಕ್ಟರ ಕೋಣೆಗೆ ಮೆಟ್ಟಿಲು ಹತ್ತುವಾಗ ಎದೆಯ ಮೇಲಿನ ಭಾರ ಇಳಿದಿದೆಯೇ ಎಂದು ನೋಡಿಕೊಂಡಳು. ಇಳಿದಿರಲಿಲ್ಲ, ಜಾಗ ಬದಲಿಸಿತ್ತು. ನಿಜ ಹೇಳುವುದಕ್ಕೂ ಒಂದು ಹೊತ್ತಿರುತ್ತದೆ, ಆ ಸಂಜೆ ಐದೂವರೆಯ ಫೋನಿನಲ್ಲಿ ಹೇಳಿದ್ದರೆ ಅದು ಲಸಿಕೆಯಂತೆ ದೇಹಕ್ಕೆ ಹತ್ತುತ್ತಿತ್ತು, ಈಗ ಹತ್ತಲಿಲ್ಲ.

ಡಾಕ್ಟರು ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಇದು ಯಾವ ಗುಂಪಿಗೂ ಸೇರಲ್ಲ,' ಎಂದರು.

'ಹೌದು ಮೇಡಂ.'

'ಬೇರೆ ಯಾವುದಾದ್ರೂ ಇದೆಯಾ ಹೀಗೆ?'

'ಇಲ್ಲ ಮೇಡಂ. ಇದೊಂದೇ.'

'ಇದೊಂದೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು?' ಸಿಟ್ಟಿನಿಂದ ಕೇಳಿದ್ದಲ್ಲ. ಮೊದಲ ದಿನ ಮುದುಕರ ಮುಂದೆ 'ನನಗೆ ಗೊತ್ತಿಲ್ಲ' ಎಂದಿದ್ದ ಅದೇ ದನಿ. ಉತ್ತರ ಇದ್ದರೆ ಬರೆದುಕೊಳ್ಳಲು ಸಿದ್ಧವಾಗಿರುವ ದನಿ.

ನರ್ಸ್ ಪುಸ್ತಕದ ಪುಟ ತಿರುವಿದಳು. ತೊಂಬತ್ತಮೂರು ಸಾಲು, ಎಲ್ಲವೂ ಒಂದೇ ಮುದ್ದಾದ ಅಕ್ಷರ. ಸುಳ್ಳಿನ ಸಾಲು ಕೂಡ ಉಳಿದವುಗಳ ಹಾಗೆಯೇ ಕಾಣುತ್ತಿತ್ತು. ತನ್ನ ಮಾತಿಗೆ ಸಾಕ್ಷಿ ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಬಸ್ ಸ್ಟ್ಯಾಂಡಿನಲ್ಲಿದ್ದರು.

'ಬರೆದುಕೊಡಿ,' ಎಂದರು ಡಾಕ್ಟರು, 'ಎಲ್ಲಾನೂ.' ಒಂದು ಹಾಳೆ ಅವಳ ಕಡೆ ಸರಿಸಿದರು.

ಅವಳು ಬರೆದ ತೊಂಬತ್ತಮೂರು ಜನರ ದಾಖಲೆಯನ್ನು ಆ ವಾರ ಅಧ್ಯಯನದಿಂದ ತೆಗೆದರು. ಹಗಲಿನ ಹುದ್ದೆಗೆ ಬೇರೊಬ್ಬಳು ಬಂದಳು. ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಮಗಳು ಕಂಟ್ರೋಲರನ್ನು ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.